ಎರಡು ಬ್ರೇಕಿನ ಕಾರು

ನಮ್ಮ ಅತ್ತೆ ಇಪ್ಪತ್ತೇಳು ವರ್ಷದಿಂದ ಊರಿಗೆಲ್ಲ ಕಾರು ಕಲಿಸುತ್ತಿದ್ದಾರೆ. ಹಲ್ಲಿನ ಡಾಕ್ಟರು, ಬ್ಯಾಂಕಿನ ಮ್ಯಾನೇಜರು, ಇಬ್ಬರು ಪೊಲೀಸರು, ನಮ್ಮ ಬೀದಿಯ ಅರ್ಧಕ್ಕರ್ಧ ಹೆಂಗಸರು, ಎಲ್ಲರೂ ಒಂದಲ್ಲ ಒಂದು ದಿನ ಅವರ ಪಕ್ಕ ಕೂತು ಬೆವರಿದವರೇ. ಸಿಗ್ನಲಿನಲ್ಲಿ ಗಾಜು ಇಳಿಸಿ "ಟೀಚರಮ್ಮ, ಚೆನ್ನಾಗಿದೀರಾ?" ಎಂದವರಿಗೆ ಅತ್ತೆ ಕೊಡುವ ಉತ್ತರ ಒಂದೇ: "ಸೀಟ್ ಬೆಲ್ಟ್ ಎಲ್ಲಿ?" ಎದುರಿಗೆ ಟೀಚರಮ್ಮ ಎನ್ನುವವರೆಲ್ಲ ಬೆನ್ನ ಹಿಂದೆ ಅವರನ್ನು ಕರೆಯುವುದು ಸೆಕೆಂಡ್ ಗೇರ್ ಎಂದು. ಯಾರಾದರೂ ಮೂರನೇ ಗೇರಿಗೆ ಕೈ ಹಾಕಿದರೆ ಸಾಕು, "ಏನವಸರ? ಯಾರ ಮನೆಗೆ ಬೆಂಕಿ ಬಿದ್ದಿದೆ?" ಎಂದು ಗದರುತ್ತಾರೆ. ನಮ್ಮ ಕಾರಿಗೆ ಐದನೇ ಗೇರು ಇದೆ ಎನ್ನುವುದಕ್ಕೆ ಗೇರಿನ ತಲೆಯ ಮೇಲೆ ಬರೆದ ಅಂಕಿಯೊಂದೇ ಸಾಕ್ಷಿಯಾಗಿತ್ತು.

ನಾನು ಅತ್ತೆಯ ತಮ್ಮನ ಮಗಳು. ಐದು ವರ್ಷದಿಂದ ಬೆಳಗಿನ ಬ್ಯಾಚು ನನ್ನದು. ಆದ್ದರಿಂದ ಬೇರೆ ಯಾರಿಗೂ ಗೊತ್ತಿರದ ಒಂದು ಗುಟ್ಟು ನನಗೆ ಗೊತ್ತಿತ್ತು. ಕಲಿಸುವ ಕಾರಿಗೆ ಎರಡು ಬ್ರೇಕಿರುತ್ತದೆ. ಬಲಗಡೆ ಕಲಿಯುವವರಿಗೆ ಒಂದು, ಎಡಗಡೆ ಕಲಿಸುವವರಿಗೆ ಒಂದು. ಯಾವುದನ್ನು ಒತ್ತಿದರೂ ಕಾರು ನಿಲ್ಲುತ್ತದೆ. ಅತ್ತೆಯ ಜಾಗ ಎಡಗಡೆ. ಅಲ್ಲಿ ಕೂತು ಅವರು ಎಂಥ ಸಂದಿಯಲ್ಲಿ ಬೇಕಾದರೂ ಎಂಥ ದಡ್ಡರ ಕೈಯಲ್ಲಿ ಬೇಕಾದರೂ ಕಾರು ತಿರುಗಿಸಿಬಿಡುತ್ತಿದ್ದರು. ಬಲಗಡೆ ಕೂರುತ್ತಿದ್ದದ್ದು ಬೆಳಿಗ್ಗೆ ಒಂದು ಸಲ, ಕಾರನ್ನು ಶೆಡ್ಡಿನಿಂದ ಗೇಟಿನವರೆಗೆ ತರುವಾಗ. ಅದೂ ಹಿಮ್ಮುಖವಾಗಿ. ಹೆದ್ದಾರಿಯ ಮೇಲಂತೂ ಅವರು ಒಂದು ಮೈಲಿಯೂ ಕಾರು ಓಡಿಸಿದವರಲ್ಲ.

ಹೀಗಿರುವಾಗ ಸಾರಿಗೆ ಇಲಾಖೆಯಿಂದ ಕಾಗದ ಬಂತು. ಹೊಸ ನಿಯಮವಂತೆ. ಡ್ರೈವಿಂಗ್ ಸ್ಕೂಲಿನ ಲೈಸೆನ್ಸ್ ಯಾರ ಹೆಸರಿನಲ್ಲಿದೆಯೋ ಅವರು ಸ್ವತಃ ಹೆದ್ದಾರಿಯಲ್ಲಿ ಕಾರು ಓಡಿಸಿ ತೋರಿಸಿ ಪಾಸಾಗಬೇಕು. ಪರೀಕ್ಷೆ ನಡೆಯುವುದು ನೂರ ಮೂವತ್ತೆಂಟು ಕಿಲೋಮೀಟರು ದೂರದ ದೊಡ್ಡ ಊರಿನಲ್ಲಿ. ತಮ್ಮ ಸ್ಕೂಲಿನ ಕಾರನ್ನೇ ತರಬೇಕು. ಬೆಳಿಗ್ಗೆ ಒಂಬತ್ತೂವರೆಗೆ ಗೇಟು ಮುಚ್ಚುತ್ತದೆ. ಆಮೇಲೆ ಬಂದವರಿಗೆ ಆರು ತಿಂಗಳ ನಂತರ ಇನ್ನೊಂದು ದಿನ ಕೊಡುತ್ತಾರೆ. ನಮ್ಮ ಲೈಸೆನ್ಸಿನ ಅವಧಿ ಮುಗಿಯಲು ಉಳಿದದ್ದು ಒಂದೇ ತಿಂಗಳು. ಅಂದರೆ ಆ ದಿನ ತಪ್ಪಿದರೆ ಸ್ಕೂಲಿಗೆ ಬೀಗ.

ನಾನು ಕಾಗದವನ್ನು ಎರಡು ಸಲ ಓದಿದೆ. ಅತ್ತೆ ಒಂದೇ ಸಲ ಓದಿ, ಮಡಚಿ, ಕನ್ನಡಕದ ಡಬ್ಬಿಯೊಳಗಿಟ್ಟರು.

"ಒಂದು ದಿನದ ಕೆಲಸ. ಬೆಳಿಗ್ಗೆ ಹೋಗಿ ಸಾಯಂಕಾಲ ಬಂದುಬಿಡೋಣ."

"ಹೋಗೋವಾಗ ನಾನು ಓಡಿಸ್ತೀನಿ ಅತ್ತೆ. ನೀವು ಪರೀಕ್ಷೆಗೆ ಮಾತ್ರ ಕೂತ್ಕೊಳಿ."

"ಯಾಕೆ? ನಂಗೆ ಬರಲ್ವಾ?"

ಇಪ್ಪತ್ತೇಳು ವರ್ಷ ಕಲಿಸಿದವರಿಗೆ ಬರುವುದಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಮರುದಿನದಿಂದ ಶುರುವಾಯಿತು ತಯಾರಿ. ನಮ್ಮ ಸ್ಕೂಲೆಂದರೆ ಶೆಡ್ಡಿನ ಪಕ್ಕದ ಒಂದು ಕೋಣೆ. ಗೋಡೆಯ ತುಂಬ ರಸ್ತೆ ಚಿಹ್ನೆಗಳ ಪಟ. ನಡುವೆ ಒಂದು ಮೇಜು, ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆದ ರಸ್ತೆಗಳು ಮತ್ತು ಒಂದು ಆಟದ ಕಾರು. ಪಾರ್ಕಿಂಗ್ ಕಲಿಸುವುದು ಅದರಲ್ಲೇ. ಅತ್ತೆ ಮೇಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಈ ತುದಿಗೆ ನಮ್ಮೂರು, ಆ ತುದಿಗೆ ದೊಡ್ಡ ಊರು ಬರೆದು, ಮಧ್ಯೆ ಉದ್ದಕ್ಕೆ ಹೆದ್ದಾರಿ ಎಳೆದರು. ಆಮೇಲೆ ಫೋನು ಹಿಡಿದು ಹಳೆಯ ವಿದ್ಯಾರ್ಥಿಗಳಿಗೆಲ್ಲ ಒಬ್ಬೊಬ್ಬರಿಗೇ ಹಚ್ಚಿದರು. ಟೋಲ್ ಗೇಟು ಎಷ್ಟನೇ ಕಿಲೋಮೀಟರಿನಲ್ಲಿ? ಸೇತುವೆಯ ಮೇಲೆ ಗಾಳಿ ಜೋರಾ? ಶುಚಿಯಾದ ಕಕ್ಕಸು ಯಾವ ಪೆಟ್ರೋಲ್ ಬಂಕಿನಲ್ಲಿದೆ? ಬ್ಯಾಂಕಿನ ಮ್ಯಾನೇಜರು ಮೀಟಿಂಗಿನಲ್ಲಿದ್ದೇನೆ ಎಂದರೂ ಬಿಡಲಿಲ್ಲ. "ಮೀಟಿಂಗು ದಿನಾ ಇರುತ್ತೆ, ಸೇತುವೆ ಆದ್ಮೇಲೆ ರೋಡು ಹೇಗಿದೆ ಹೇಳಿ."

ಒಂದು ವಾರದಲ್ಲಿ ಯೋಜನೆ ಸಿದ್ಧವಾಯಿತು. ಆರು ಗಂಟೆಗೆ ಹೊರಡುವುದು. ಏಳೂಕಾಲಿಗೆ ಅರವತ್ತೈದನೇ ಕಿಲೋಮೀಟರಿನ ಹೋಟೆಲು. ಅಲ್ಲಿ ಹದಿನೈದು ನಿಮಿಷ ಚಹಾ. ಎಂಟೂ ಐವತ್ತಕ್ಕೆ ಪರೀಕ್ಷೆಯ ಗೇಟು. ಅಲ್ಲಿಂದ ಒಂಬತ್ತೂವರೆಗೆ ನಲವತ್ತು ನಿಮಿಷ ಉಳಿಯಿತು. ಅದರ ಮುಂದೆ ಅತ್ತೆ 'ಪಂಚರ್' ಎಂದು ಬರೆದರು.

"ಪಂಚರ್ ಆಗ್ಲಿಲ್ಲ ಅಂದ್ರೆ?" ಎಂದು ಕೆಣಕಿದೆ.

"ಆಗ್ಲಿಲ್ಲ ಅಂದ್ರೆ ನಲವತ್ತು ನಿಮಿಷ ಗೇಟಿನ ಮುಂದೆ ಕೂತು ಜಂಬ ಪಡೋಣ."

ವಾಪಸು ಬರುವುದು ಐದೂವರೆಯೊಳಗೆ. ಅದಕ್ಕೆ ಕಾರಣ ಟೈಲರಣ್ಣ. ನಮ್ಮ ಬೀದಿ ಕೊನೆಯ ಹೊಲಿಗೆ ಅಂಗಡಿಯವರು. ಎರಡು ಸಲ ಲೈಸೆನ್ಸ್ ಪರೀಕ್ಷೆಯಲ್ಲಿ ಫೇಲಾಗಿ, ಮೂರನೇ ಸಲಕ್ಕೆ ಅತ್ತೆಯ ಪರೀಕ್ಷೆಯ ಮರುದಿನವೇ ಹೋಗುವವರಿದ್ದರು. ಅತ್ತೆಯ ಕಾಲು ಎಡಗಡೆಯ ಬ್ರೇಕಿನ ಮೇಲಿದ್ದರೆ ಅವರು ರಾಜಕುಮಾರನ ಹಾಗೆ ಓಡಿಸುತ್ತಿದ್ದರು. ಪರೀಕ್ಷೆಯಲ್ಲಿ ಬೇರೆಯವರು ಪಕ್ಕಕ್ಕೆ ಬಂದು ಕೂತರೆ ಕೈಕಾಲು ನಡುಕ. "ಟೀಚರಮ್ಮ, ಒಂದು ಸಲ ಕೊನೇದಾಗಿ ನೀವು ನೋಡಿಬಿಡಿ" ಎಂದು ಗೋಗರೆದಿದ್ದರು. ಅತ್ತೆ ಮಾತು ಕೊಟ್ಟಿದ್ದರು.

ಅಂದು ಆರಕ್ಕೆ ಸರಿಯಾಗಿ ಹೊರಟೆವು. ಅತ್ತೆ ಬಲಗಡೆ ಕೂತು ಸೀಟು ಮುಂದೆಳೆದುಕೊಂಡು, ಕನ್ನಡಿ ಸರಿ ಮಾಡಿಕೊಂಡು, ಸ್ಟೀರಿಂಗನ್ನು ಒಂದು ಸಲ ಸವರಿದರು. ನಾನು ಎಡಗಡೆ. ಐದು ವರ್ಷದಿಂದ ನನ್ನ ಜಾಗವೂ ಅದೇ. ಮಡಿಲಲ್ಲಿ ಬಾಳೆಹಣ್ಣು, ಬಿಸ್ಕತ್ತು, ನೀರಿನ ಬಾಟಲಿ ಮತ್ತು ಅತ್ತೆಯ ಯೋಜನೆಯ ಹಾಳೆ. ಊರೊಳಗೆ ಎಲ್ಲ ಸರಿಯಾಗೇ ಇತ್ತು. ಕೊನೆಯ ಸಿಗ್ನಲ್ ದಾಟಿ ಹೆದ್ದಾರಿಗೆ ಹತ್ತಿದ ಮೇಲೆ ನೋಡಿ, ಕಾರಿಗೆ ಏನಾಯಿತೋ ಕಾಣೆ. ನಲವತ್ತು ದಾಟಲೊಲ್ಲದು. ಅತ್ತೆ ಆಕ್ಸಿಲರೇಟರ್ ಒತ್ತಿದರೆ ಇಂಜಿನ್ನು ಗೋಳಿಡುತ್ತಿತ್ತೇ ಹೊರತು ಮುಂದೆ ಹೋಗುತ್ತಿರಲಿಲ್ಲ. ಹಿಂದಿನಿಂದ ಬಂದವರೆಲ್ಲ ಹಾರನ್ ಹೊಡೆದು, ದೀಪ ಮಿನುಗಿಸಿ, ಪಕ್ಕದಲ್ಲಿ ದಾಟುವಾಗ ನಮ್ಮನ್ನು ದುರುಗುಟ್ಟಿ ನೋಡಿ ಹೋಗುತ್ತಿದ್ದರು. ಒಬ್ಬ ಹಾಲಿನ ವ್ಯಾನಿನವನಂತೂ ಎರಡೂ ಕೈ ಸ್ಟೀರಿಂಗಿನಿಂದ ಎತ್ತಿ ನಮಗೆ ಕೈ ಮುಗಿದ. ಅವನಿಗೆ ಯಾರು ಕಲಿಸಿದರೋ!

ನನಗೆ ಒಳಗೊಳಗೇ ಸಿಟ್ಟು. ನಾನು ಓಡಿಸುತ್ತೇನೆ ಎಂದರೆ ಕೇಳಲಿಲ್ಲ, ಈಗ ನೋಡು ಎಂದುಕೊಂಡೆ. ಅತ್ತೆಗೆ ಹೆದರಿಕೆ, ಹೆದರಿಕೆಗೆ ಕಾರಿನ ನೆಪ ಎಂದೂ ಅಂದುಕೊಂಡೆ. ಅವರು ಒಂದು ಲಾರಿಯನ್ನು ದಾಟಲು ಹೊರಟು, ಅರ್ಧಕ್ಕೆ ಶಕ್ತಿ ಸಾಲದೆ ಮತ್ತೆ ಹಿಂದೆ ಬಂದಾಗ ನಾನು ಬಾಗಿಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಹೋಟೆಲು ತಲುಪಿದಾಗ ಗಂಟೆ ಏಳೂ ಐವತ್ತೈದು. ಪಂಚರಿನ ನಲವತ್ತು ನಿಮಿಷ ಪಂಚರ್ ಆಗದೆಯೇ ಖರ್ಚಾಗಿತ್ತು. ಕಾರಿನಿಂದಿಳಿದರೆ ಗಾಲಿಗಳ ಹತ್ತಿರ ಸುಟ್ಟ ವಾಸನೆ. ಅತ್ತೆ ಚಹಾ ಹಿಡಿದು ಕಾರಿನ ಸುತ್ತ ಒಂದು ಸುತ್ತು ಬಂದರು. ಅವರ ಮುಖ ಅಷ್ಟು ಬಾಡಿದ್ದನ್ನು ನಾನು ಮಾವ ಹೋದ ದಿನ ಬಿಟ್ಟರೆ ಮತ್ತೆಂದೂ ನೋಡಿರಲಿಲ್ಲ.

"ಕಾರಿಗೂ ವಯಸ್ಸಾಯ್ತು, ನಂಗೂ ವಯಸ್ಸಾಯ್ತು ಅಂತ ಕಾಣುತ್ತೆ ಕಣೇ" ಎಂದರು.

ನಾನು ಏನಾದರೂ ಹೇಳುವ ಮೊದಲೇ, ನಮ್ಮ ಹಿಂದೆಯೇ ಬಂದು ನಿಂತ ಲಾರಿಯ ಡ್ರೈವರು ಹತ್ತಿರ ಬಂದ. ಹೆಗಲ ಮೇಲೆ ಟವೆಲು, ಕೈಯಲ್ಲಿ ಚಹಾ.

"ಅಮ್ಮಾ, ಬೇಜಾರು ಮಾಡ್ಕೋಬೇಡಿ. ಹತ್ತು ಕಿಲೋಮೀಟರಿಂದ ನಿಮ್ಮ ಹಿಂದೇ ಬಂದೆ. ನಿಮ್ಮ ಕಾರಿನ ಹಿಂದಿನ ಕೆಂಪು ದೀಪ ಒಂದು ಕ್ಷಣಾನೂ ಆರ್ಲಿಲ್ಲ. ಬ್ರೇಕ್ ಒತ್ಕೊಂಡೇ ಓಡಿಸ್ತೀರಾ ನೀವು?"

"ನಾನಾ? ನಾನು ಬ್ರೇಕ್ ಮುಟ್ಟೇ ಇಲ್ಲಪ್ಪ."

"ಹಂಗಾದ್ರೆ ಇನ್ಯಾರು ಮುಟ್ಟಿದ್ರು?" ಎಂದು ನಕ್ಕು ಅವನು ಹೊರಟುಹೋದ.

ಅತ್ತೆ ನಗಲಿಲ್ಲ. ನಿಧಾನಕ್ಕೆ ನನ್ನ ಕಡೆ ತಿರುಗಿದರು.

"ನಿನ್ನ ಕಾಲೆಲ್ಲಿತ್ತು?"

"ಎಲ್ಲಿರುತ್ತೆ ಅತ್ತೆ, ಕೆಳಗಿತ್ತು."

"ಕೆಳಗೆ ಎಲ್ಲಿ?"

ಉತ್ತರ ಹೇಳುವ ಬದಲು ಕಾರಿನ ಎಡಗಡೆಯ ಬಾಗಿಲು ತೆರೆದು ಕೆಳಗೆ ನೋಡಿದೆ. ಐದು ವರ್ಷದಿಂದ ಎಡಗಡೆ ಕೂತ ತಕ್ಷಣ ನನ್ನ ಬಲಗಾಲು ತಾನೇ ಹೋಗಿ ಬ್ರೇಕಿನ ಮೇಲೆ ಕೂರುತ್ತದೆ. ಊರೊಳಗೆ ಕಾಲು ಸುಮ್ಮನೆ ಅದರ ಮೇಲಿರುತ್ತದೆ, ಒತ್ತುವುದಿಲ್ಲ. ಇವತ್ತು ಅತ್ತೆ ಬಲಗಡೆ ಕೂತಿದ್ದಾರೆಂಬ ಹೆದರಿಕೆಗೆ, ಊರು ದಾಟಿದಾಗಿನಿಂದ ನಾನು ಅದನ್ನು ಒತ್ತಿಕೊಂಡೇ ಕೂತಿದ್ದೆ. ಕಾರಿಗೆ ವಯಸ್ಸಾಗಿರಲಿಲ್ಲ. ಅತ್ತೆಗೂ ಆಗಿರಲಿಲ್ಲ. ಅರವತ್ತು ಕಿಲೋಮೀಟರು ಅವರನ್ನು ಹಿಂದಕ್ಕೆ ಹಿಡಿದು ಎಳೆದವಳು ನಾನು.

"ಅತ್ತೆ, ನಂಗೆ ಗೊತ್ತೇ ಆಗ್ಲಿಲ್ಲ" ಎಂದೆ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಹೋಟೆಲಿನ ಮುಂದಿನ ಬೆಂಚಿನ ಮೇಲೆ ಕೂತು, ಪಕ್ಕಕ್ಕೆ ಬಾ ಎಂದು ಬೆಂಚು ತಟ್ಟಿದರು.

"ಇಪ್ಪತ್ತು ನಿಮಿಷ ಬ್ರೇಕ್ ಆರ್ಲಿ. ಅಲ್ಲೀವರೆಗೆ ಒಂದು ಮಾತು ಹೇಳ್ತೀನಿ, ಕೇಳು. ನಂಗೆ ಇಂಥದ್ದೇ ಎರಡು ಬ್ರೇಕಿನ ಕಾರಲ್ಲಿ ಕಲಿಸಿದ್ದು ನಿಮ್ಮ ಮಾವ. ನಾನು ಬಲಗಡೆ, ಅವರು ಎಡಗಡೆ. ಹೆದರಬೇಡ, ನಾನಿದೀನಲ್ಲ ಅನ್ನೋರು. ಕಲಿತಾಯ್ತು, ಲೈಸೆನ್ಸ್ ಬಂತು, ಆದ್ರೂ ಅವರ ಕಾಲು ಆ ಬ್ರೇಕ್ ಬಿಟ್ಟು ಕದಲಲಿಲ್ಲ. ಒಂದು ದಿನ ಕೇಳ್ದೆ, ತೆಗೀರಿ, ನಾನು ನೋಡ್ಕೋತೀನಿ ಅಂತ. ನಕ್ಕುಬಿಟ್ರು. ಆಮೇಲೆ ನಾನು ಬಲಗಡೆ ಕೂರೋದೇ ಬಿಟ್ಟೆ."

"ಮಾವ ನಿಮ್ಮ ಮೇಲಿನ ಪ್ರೀತಿಯಿಂದ..."

"ಪ್ರೀತಿಯಿಂದಾನೇ ಕಣೇ. ನೀನು ಇವತ್ತು ಒತ್ತಿದ್ದೂ ಪ್ರೀತಿಯಿಂದಾನೇ. ಅದಕ್ಕೇ ಬೈಯೋಕಾಗ್ತಿಲ್ಲ." ಚಹಾದ ಲೋಟ ಕೆಳಗಿಟ್ಟು ಎದ್ದರು. "ಹಿಂದಿನ ಸೀಟಿಗೆ ಹೋಗು."

"ಎಡಗಡೆ?"

"ಎಡಗಡೆ ಯಾರೂ ಬೇಡ. ಬಾಳೆಹಣ್ಣು ಇಡು."

ಹೊರಟಾಗ ಎಂಟೂ ಇಪ್ಪತ್ತು. ಉಳಿದದ್ದು ಎಪ್ಪತ್ತಮೂರು ಕಿಲೋಮೀಟರು, ಎಪ್ಪತ್ತು ನಿಮಿಷ. ಆಟದ ಕಾರನ್ನು ಮೇಜಿನ ಮೇಲೆ ತಳ್ಳಿ ಮಾಡಿದ ಲೆಕ್ಕವೆಲ್ಲ ತಲೆಕೆಳಗಾಗಿತ್ತು. ಹಾಳೆ ಕೊಡಲು ಹೋದರೆ ಅತ್ತೆ ಬೇಡವೆಂದರು. ಕಾರು ಹೆದ್ದಾರಿಗೆ ಹತ್ತಿತು. ನಲವತ್ತು, ಐವತ್ತು, ಅರವತ್ತು. ಇಂಜಿನ್ನಿನ ಗೋಳಾಟ ನಿಂತಿತ್ತು. ಎದುರಿಗೆ ಎರಡು ಲಾರಿ ಒಂದರ ಹಿಂದೆ ಒಂದು. ಆಗ ಅತ್ತೆ ಗಟ್ಟಿಯಾಗಿ ಮಾತಾಡತೊಡಗಿದರು. ಮೊದಲು ನನಗೆ ಹೇಳುತ್ತಿದ್ದಾರೆ ಅಂದುಕೊಂಡೆ.

"ಅವಸರ ಇಲ್ಲ. ಮೊದಲು ಕನ್ನಡಿ ನೋಡಮ್ಮ. ಹಿಂದೆ ಯಾರೂ ಇಲ್ಲ ತಾನೆ? ಇಂಡಿಕೇಟರ್ ಹಾಕು. ಭುಜದ ಮೇಲಿಂದ ಒಂದು ಸಲ ತಿರುಗಿ ನೋಡು. ಸರಿ. ಈಗ ಬಲಕ್ಕೆ ಬಾ. ಕೈ ಬಿಗಿ ಮಾಡ್ಬೇಡ, ಸ್ಟೀರಿಂಗ್ ಏನು ಓಡಿಹೋಗಲ್ಲ. ಹಾಂ, ಹಾಗೆ. ಮುಗೀತು ನೋಡು, ಇಷ್ಟೇ."

ಎರಡೂ ಲಾರಿ ಹಿಂದೆ ಬಿದ್ದವು. ಅವರು ತಮ್ಮ ಕೈಗೂ ಕಾಲಿಗೂ ತಾವೇ ಪಾಠ ಹೇಳುತ್ತಿದ್ದರು. ಇಪ್ಪತ್ತೇಳು ವರ್ಷ ಬೇರೆಯವರಿಗೆ ಹೇಳಿದ್ದನ್ನೇ, ಅದೇ ಗದರಿಕೆಯಲ್ಲಿ, ಅದೇ ಸಮಾಧಾನದಲ್ಲಿ. ಆಮೇಲೆ "ಐದು ಹಾಕು" ಎಂದರು. ಹಾಕಿದರು. ಕಾರು ಮೆತ್ತಗೆ ಉಸಿರು ಬಿಟ್ಟಂತೆ ಸದ್ದು ತಗ್ಗಿಸಿ ಎಪ್ಪತ್ತೈದಕ್ಕೆ ಹೋಯಿತು.

"ಅತ್ತೆ, ಯಾರ ಮನೆಗೆ ಬೆಂಕಿ ಬಿದ್ದಿದೆ?" ಎಂದೆ ಹಿಂದಿನಿಂದ.

"ಬಾಯಿ ಮುಚ್ಕೊಂಡು ಕೂತ್ಕೊ" ಎಂದರು. ಕನ್ನಡಿಯಲ್ಲಿ ಅವರ ನಗು ಕಂಡಿತು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಬಿಟ್ಟಿದ್ದರೆ ಹಿಂದಿನ ಸೀಟಿನಲ್ಲೇ ಕುಣಿಯುತ್ತಿದ್ದೆ.

ಗೇಟು ತಲುಪಿದಾಗ ಒಂಬತ್ತೂ ಇಪ್ಪತ್ತಾರು. ಜಂಬ ಪಡಲು ಸಿಕ್ಕಿದ್ದು ನಾಲ್ಕೇ ನಿಮಿಷ. ಅದನ್ನು ಅತ್ತೆ ಪೂರ್ತಿ ಬಳಸಿಕೊಂಡರು.

ಪರೀಕ್ಷಕರು ಮಧ್ಯವಯಸ್ಸಿನವರು, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ರಟ್ಟಿನ ಮೇಲೆ ಕ್ಲಿಪ್ಪು ಹಾಕಿದ ಹಾಳೆ. ಎಡಗಡೆ ಕೂತು ಬೆಲ್ಟ್ ಹಾಕಿಕೊಂಡರು. ನಾನು ಕಿಟಕಿಯ ಹೊರಗೆ ನಿಂತಿದ್ದೆ. ಅವರ ಬಲಗಾಲು ತಾನಾಗಿಯೇ ಸರಿದು ಆ ಎರಡನೇ ಬ್ರೇಕಿನ ಮೇಲೆ ಹೋಗಿ ಕೂತದ್ದನ್ನು ಅತ್ತೆಯೂ ನೋಡಿದರು, ನಾನೂ ನೋಡಿದೆ. ಇನ್ನು ಅತ್ತೆ ಏನು ಮಾಡುತ್ತಾರೋ ಎಂದು ಕಿಟಕಿಯ ಕಡೆ ಇನ್ನಷ್ಟು ಬಾಗಿದೆ. ಅಧಿಕಾರಿಗಳೆದುರು ಯಾರಾದರೂ ಬಾಯಿ ಬಿಡುತ್ತಾರೆಯೇ?

"ಸಾರ್, ಕಾಲು ತೆಗೀರಿ" ಎಂದರು ಅತ್ತೆ.

"ಏನಮ್ಮ?"

"ನಿಮ್ಮ ಕಾಲು ಬ್ರೇಕ್ ಮೇಲಿದೆ. ತೆಗೀರಿ."

"ಅದು ಸೇಫ್ಟಿಗಮ್ಮ. ಎಲ್ಲರಿಗೂ ಹೀಗೇ."

"ಅಪಾಯ ಬಂದ್ರೆ ಇಡಿ ಸಾರ್, ಬೇಡ ಅನ್ನಲ್ಲ. ಈಗಲೇ ಇಟ್ರೆ ಪರೀಕ್ಷೆ ನಂದೋ ನಿಮ್ಮ ಕಾಲಿಂದೋ ಗೊತ್ತಾಗಲ್ಲ."

ಪರೀಕ್ಷಕರು ಅತ್ತೆಯ ಮುಖ ನೋಡಿದರು, ತಮ್ಮ ಕಾಲು ನೋಡಿಕೊಂಡರು. ತುಟಿಯ ಮೂಲೆಯಲ್ಲಿ ಒಂದು ನಗು ಬಂದು ಹೋಯಿತು. ಕಾಲನ್ನು ಹಿಂದಕ್ಕೆಳೆದು ಸೀಟಿನ ಬುಡಕ್ಕೆ ಸೇರಿಸಿಕೊಂಡರು. ಕಾರು ಹೊರಟಿತು.

ಮುಕ್ಕಾಲು ಗಂಟೆ ನಾನು ಆ ಕಾಂಪೌಂಡಿನ ಕಲ್ಲು ಬೆಂಚಿನ ಮೇಲೆ ಕೂತು ಮೂರು ಬಾಳೆಹಣ್ಣು ತಿಂದೆ. ಹಸಿವಾಗಿರಲಿಲ್ಲ. ಕೊನೆಗೆ ಕಾರು ಬಂದು, ಗೆರೆಗೆ ಸರಿಯಾಗಿ ನಿಂತಿತು. ಮೊದಲು ಪರೀಕ್ಷಕರು ಇಳಿದರು.

"ನಿಮ್ಮ ತಾಯೀನಾ?" ಎಂದು ನನ್ನನ್ನು ಕೇಳಿದರು.

"ಅತ್ತೆ ಸಾರ್."

"ದಾರಿಯುದ್ದಕ್ಕೂ ನಂಗೇ ಪಾಠ ಮಾಡಿದ್ರಲ್ಲ! ಟೋಲ್ ಹತ್ರ ಸೀಟ್ ಬೆಲ್ಟ್ ಸಡಿಲ ಇದೆ ಅಂತ ಬೈಸ್ಕೊಂಡೆ" ಎನ್ನುತ್ತಾ ಹಾಳೆಗೆ ಸಹಿ ಹಾಕಿ ಅತ್ತೆಯ ಕೈಗೆ ಕೊಟ್ಟರು. ಪಾಸ್. ಅತ್ತೆ ಅದನ್ನು ಮಡಚಿ ಕನ್ನಡಕದ ಡಬ್ಬಿಯೊಳಗಿಟ್ಟರು. ಡಬ್ಬಿಯ ಮುಚ್ಚಳ ಮುಚ್ಚುವಾಗ ಅವರ ಕಣ್ಣು ತುಂಬಿತ್ತು. "ಧೂಳು" ಎಂದರು. ನಾನೂ ಹೌದೆಂದೆ.

ಬರುವಾಗ ಯೋಜನೆಯ ಹಾಳೆಯನ್ನು ಯಾರೂ ನೋಡಲಿಲ್ಲ. ದಾರಿಯಲ್ಲಿ ಎಲ್ಲೆಲ್ಲಿ ಮನಸ್ಸಾಯಿತೋ ಅಲ್ಲಲ್ಲಿ ನಿಂತು, ಸೇತುವೆಯ ಪಕ್ಕ ಇಳಿದು ಗಾಳಿಗೆ ಮುಖವೊಡ್ಡಿ, ಆದರೂ ಐದೂಕಾಲಿಗೆ ಊರು ಸೇರಿದೆವು. ನಮ್ಮ ಕಲಿಕೆಯ ಮೈದಾನದಲ್ಲಿ ಟೈಲರಣ್ಣ ಆಗಲೇ ಬಂದು ನಿಂತಿದ್ದರು, ಕತ್ತಿನಲ್ಲಿ ಅಳತೆ ಟೇಪು ಹಾಗೇ ಇತ್ತು. ಅತ್ತೆ ಕಾರಿನಿಂದಿಳಿದು ಬಲಗಡೆಯ ಬಾಗಿಲು ಅವರಿಗೆ ತೆರೆದುಕೊಟ್ಟರು. ಟೈಲರಣ್ಣ ಕೂತು ಬೆಲ್ಟ್ ಹಾಕಿಕೊಂಡು ಕಾದರು. ಅತ್ತೆ ಎಡಗಡೆ ಹೋಗಲಿಲ್ಲ. ಹಿಂದಿನ ಸೀಟಿನಲ್ಲಿದ್ದ ನನಗೂ ಇಳಿ ಎಂದರು.

"ಟೀಚರಮ್ಮ, ನೀವು ಹತ್ತಲ್ವಾ?"

"ಇಲ್ಲ. ಮೈದಾನದಲ್ಲಿ ಒಬ್ಬರೂ ಇಲ್ಲ. ಮೂರು ಸುತ್ತು ಹೊಡ್ಕೊಂಡು ಬಂದು ಆ ಗೆರೆ ಹತ್ರ ನಿಲ್ಲಿಸಿ."

"ಒಬ್ನೇನಾ? ಬ್ರೇಕು?"

"ನಿಮ್ಮ ಕಾಲ ಕೆಳಗೇ ಇದೆಯಲ್ಲ ಅಣ್ಣ, ಒಂದು. ಅಷ್ಟು ಸಾಕು."

ಟೈಲರಣ್ಣ ಇನ್ನೂ ಏನೋ ಹೇಳುವವರಿದ್ದರು. ಅತ್ತೆಯ ಮುಖ ನೋಡಿ ಗೇರು ಹಾಕಿದರು. ಕಾರು ಒಮ್ಮೆ ಮುಗ್ಗರಿಸಿ ಹೊರಟಿತು. ಮೊದಲನೇ ಸುತ್ತು ಬಹಳ ನಿಧಾನ. ಎರಡನೆಯದರಲ್ಲಿ ತಿರುವು ಚೆನ್ನಾಗಿ ಬಂತು. ಎಡಗಡೆಯ ಸೀಟು ಖಾಲಿ ಇತ್ತು, ಉಳಿದ ಒಂದು ಬಾಳೆಹಣ್ಣು ಅಲ್ಲೇ ಕೂತಿತ್ತು. ಮೂರನೇ ಸುತ್ತಿಗೆ ಟೈಲರಣ್ಣ ನಮ್ಮ ಮುಂದೆ ಹಾದುಹೋಗುವಾಗ ಕಿಟಕಿಯಲ್ಲಿ ಬಾಯ್ತುಂಬ ನಗುತ್ತಿದ್ದರು.

"ಕಲಿತುಬಿಟ್ರು ಅತ್ತೆ" ಎಂದೆ.

ಅತ್ತೆಯ ಕಣ್ಣು ಕಾರಿನ ಮೇಲೇ ಇತ್ತು. ಕಾರು ಗೆರೆಯ ಹತ್ತಿರ ಬರುತ್ತಿದ್ದಂತೆ ಕೆಳಗೆ ನೋಡಿದೆ. ಅವರ ಬಲಗಾಲು ಮೈದಾನದ ಮಣ್ಣನ್ನು ಬಲವಾಗಿ ಒತ್ತಿಹಿಡಿದಿತ್ತು. ಪಕ್ಕದಲ್ಲೇ ನನ್ನದೂ.